ನಾಲ್ಕು ಗಾಲಿಗೂ ಹರಳೆಣ್ಣೆ

ಲಾರಿ ಸದ್ದು ಮಾಡುತ್ತದೆ ಎಂದು ಬರುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಆ ಸದ್ದು ಎಲ್ಲಿಂದ ಬರುತ್ತಿದೆ ಎಂಬುದೇ ಗೊತ್ತಿರುವುದಿಲ್ಲ. ಮುಂದೆ ಎನ್ನುತ್ತಾರೆ, ಹುಡುಕಿದರೆ ಹಿಂದೆ ಇರುತ್ತದೆ. ಹುಣಸೂರಿನ ಮರದ ಡಿಪೋ ಪಕ್ಕದಲ್ಲಿ ಶೆಡ್ಡು ಹಾಕಿಕೊಂಡು ಹದಿನಾಲ್ಕು ವರ್ಷ ಇಂಥವರ ಮಾತು ಕೇಳಿ ಕೇಳಿ ನನ್ನ ಬಾಯಿ ಕೆಟ್ಟುಹೋಗಿತ್ತು. ಗಿರಾಕಿ ಬಾಯಿ ಬಿಡುವ ಮೊದಲೇ ರೇಗುತ್ತಿದ್ದೆ. ಕೆಲಸ ಚೆನ್ನಾಗಿ ಮಾಡುತ್ತಿದ್ದೆನಾದ್ದರಿಂದ ಬೈಸಿಕೊಂಡವರೇ ಮತ್ತೆ ಬರುತ್ತಿದ್ದರು. ಚಾಮಯ್ಯನ ಬಾಯಿ ಕೆಟ್ಟದ್ದು, ಕೈ ಒಳ್ಳೆಯದು ಎಂದು ಹೇಳಿಕೊಳ್ಳುತ್ತಿದ್ದರಂತೆ. ನನಗೂ ಅದು ಹೆಮ್ಮೆಯಾಗಿಯೇ ಇತ್ತು.

ರಾವಂದೂರಿನ ಬಸವರಾಜು ಆ ಮುಕ್ಕಾಲು ಪಾಲಿಗೆ ಸೇರಿದವನಲ್ಲ. ಸಾಲಿಗ್ರಾಮದ ನೀಲಕಂಠಸ್ವಾಮಿಯವರ ಹಳೇ ಲಾರಿಗೆ ಐದು ವರ್ಷದಿಂದ ಡ್ರೈವರ್ ಆಗಿದ್ದ. ಅರವತ್ತೇಳನೇ ಇಸವಿ, ಸಂಕ್ರಾಂತಿ ಕಳೆದ ಮೇಲಿನ ಶುಕ್ರವಾರ ಮಧ್ಯಾಹ್ನ ಲಾರಿ ತಂದು ನಿಲ್ಲಿಸಿದವನು, "ಅಣ್ಣಾ, ಹಿಂದ್ಗಡೆ ಎಡಗಾಲಿ ಕಣಣ್ಣ. ಎರಡು ಥರ ಸದ್ದು. ಒಂದು, ಓಡ್ವಾಗೆಲ್ಲ ಕಟಕಟ ಅಂತದೆ. ಇನ್ನೊಂದು, ಬ್ರೇಕ್ ತುಳಿದ್ರೆ ಮಾತ್ರ ಕಿರ್ರೋ ಅಂತ ಕಿರುಚ್ತದೆ" ಎಂದ. ಇಷ್ಟು ಚೊಕ್ಕವಾಗಿ ಹೇಳುವವನ ಮೇಲೆ ರೇಗುವುದು ಹೇಗೆ? ಜೊತೆಗೆ ಅವನ ಅಪ್ಪ ಜವರಯ್ಯನವರೂ ಬಂದಿದ್ದರು. ನಲವತ್ತು ವರ್ಷ ರಾವಂದೂರಿನಿಂದ ಕೆ.ಆರ್.ನಗರಕ್ಕೆ ಎತ್ತಿನ ಗಾಡಿ ಹೊಡೆದ ಮನುಷ್ಯ. ಒಬ್ಬನೇ ಮಗ. ಮಗ ನಡೆಸುವ ಲಾರಿಯನ್ನು ಮೂರನೇ ಜೋಡಿ ಎತ್ತು ಬಂದ ಹಾಗೆ ನೋಡುತ್ತಿದ್ದರು.

ನಾನು ಹಿಂದಿನ ಹಲಗೆಯ ಮೇಲೆ ಬೋರಲು ಮಲಗಿ, ಹಲಗೆಗೆ ಕಿವಿ ಒತ್ತಿಕೊಂಡು, ಬಸವರಾಜುಗೆ ಲಕ್ಷ್ಮಣತೀರ್ಥದ ಸೇತುವೆವರೆಗೂ ಓಡಿಸು ಎಂದೆ. ಕ್ಲಚ್ ತುಳಿಸಿದೆ. ಕಟಕಟ ನಿಲ್ಲಲಿಲ್ಲ, ಅಂದರೆ ಇಂಜಿನ್ನಿನದಲ್ಲ. ಬಲಕ್ಕೆ ತಿರುಗಿಸಿದಾಗ ಭಾರ ಎಡಗಾಲಿಯ ಮೇಲೆ ಬಿತ್ತು, ಸದ್ದು ಹೆಚ್ಚಾಯಿತು. ಶೆಡ್ಡಿಗೆ ಬಂದು ಜಾಕ್ ಕೊಟ್ಟು ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರೆ ಒಂದು ದಾರದಷ್ಟು ಆಡುತ್ತಿತ್ತು. ಅಲ್ಲಿಗೆ ಬೇರಿಂಗ್ ಸವೆದಿದೆ ಎಂದು ಖಾತ್ರಿಯಾಯಿತು. ಕಿರುಚುವುದು ಬೇರೆ. ಬ್ರೇಕ್ ಡ್ರಮ್ಮಿನ ಹಿಂದುಗಡೆ ಬೆರಳು ತೂರುವಷ್ಟು ಒಂದು ಕಂಡಿ ಇರುತ್ತದೆ, ಅದಕ್ಕೊಂದು ರಬ್ಬರ್ ಬಿರಡೆ. ಬಿರಡೆ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಬ್ರೇಕಿನ ಲೈನಿಂಗ್ ಸವೆದು, ಅದನ್ನು ಹಿಡಿದಿದ್ದ ರಿವೆಟ್ಟುಗಳ ತಲೆ ಡ್ರಮ್ಮಿಗೆ ಉಜ್ಜುತ್ತಿತ್ತು.

ಜವರಯ್ಯನವರು ಚಕ್ರದ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ನೋಡುತ್ತಿದ್ದರು.

"ಎಣ್ಣೆ ಆರೋಗಿರ್ಬೇಕು ಕಣಪ್ಪ" ಎಂದರು. "ಗಾಡಿ ಗಾಲೀನೂ ಇಂಗೇ ಅಳೋದು. ಆ ತೂತಲ್ಲಿ ಒಂಚೂರು ಹರಳೆಣ್ಣೆ ಬುಟ್ರೆ ಸರೋಗಕ್ಕಿಲ್ವಾ?"

ನಾನು ಲಾರಿಯ ಕೆಳಗೆ ಮಲಗಿದ್ದೆ. ಕಣ್ಣಿಗೆ ಗ್ರೀಸು ಬಿದ್ದಿತ್ತು. ಎತ್ತಿನ ಗಾಡಿಗೆ ಬ್ರೇಕಿಲ್ಲ, ಆದ್ದರಿಂದ ಅದರ ಗಾಲಿಗೆ ಎಷ್ಟು ಎಣ್ಣೆ ಬಿಟ್ಟರೂ ಒಳ್ಳೆಯದೇ. ಲಾರಿ ನಿಲ್ಲುವುದೇ ಒಣ ಲೈನಿಂಗ್ ಡ್ರಮ್ಮಿಗೆ ಉಜ್ಜಿದಾಗ, ಅಲ್ಲಿ ಒಂದು ತೊಟ್ಟು ಎಣ್ಣೆಯೂ ತಾಗಬಾರದು. ಎರಡು ಮಾತು ಸಾಕಿತ್ತು. ಹೇಳಿದ್ದರೆ ಆ ಮನುಷ್ಯ ತಕ್ಷಣ ಅರ್ಥ ಮಾಡಿಕೊಳ್ಳುತ್ತಿದ್ದರು.

"ಹೂಂ, ಬುಡಿ ಬುಡಿ. ಒಂದ್ ಸೇರು ಬುಡಿ ಯಜಮಾನ್ರೇ" ಎಂದೆ. "ಮಿಕ್ಕಿದ್ದನ್ನ ನಿಮ್ಮ ನೆತ್ತಿಗೂ ತಟ್ಕಳಿ."

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಬಸವರಾಜುವೂ ನಕ್ಕ. ಜವರಯ್ಯನವರೂ ನಕ್ಕರು. ಅವರು ನಕ್ಕರಲ್ಲ, ತಮಾಷೆ ಎಂದು ತಿಳಿಯಿತು ಅಂದುಕೊಂಡು ನಾನು ಕೆಲಸಕ್ಕೆ ತಿರುಗಿದೆ.

ಹೊಸ ಬೇರಿಂಗು, ಲೈನಿಂಗು ಮೈಸೂರಿನಿಂದ ಬರುವುದು ಮಂಗಳವಾರ. ಬಸವರಾಜು ಸೋಮವಾರವೇ ಕಾಡಂಚಿನ ಗಿರಿಜನರ ಹಾಡಿಯಿಂದ ಮೂವತ್ತು ಜನರನ್ನು ಕೊಡಗಿನ ತೋಟಕ್ಕೆ ಕಾಫಿ ಹಣ್ಣು ಬಿಡಿಸಲು ಕರೆದುಕೊಂಡು ಹೋಗಬೇಕು. ಬೇರಿಂಗಿಗೆ ಹೊಸ ಗ್ರೀಸು ತುಂಬಿದೆ, ಬ್ರೇಕನ್ನು ಆದಷ್ಟು ಬಿಗಿ ಮಾಡಿದೆ.

"ನೋಡ್ಲಾ, ಭಾನುವಾರ ಸಂಜೆ ಒಂದು ಸುತ್ತು ಓಡ್ಸು. ಸದ್ದು ಇಂಗೇ ಇದ್ರೆ ಹೊರಡ್ಬೇಡ, ನೀಲಕಂಠಸ್ವಾಮಿ ಕೂಗಾಡಿದ್ರೆ ನನ್ನ ಹೆಸರು ಹೇಳು. ಸದ್ದು ತಗ್ಗಿದ್ರೆ ಒಂದು ಟ್ರಿಪ್ ತಡೀತದೆ, ನಿಧಾನವಾಗಿ ಹೋಗು" ಎಂದೆ.

"ಆಯ್ತಣ್ಣ. ಸದ್ದಿದ್ರೆ ಇಲ್ಲ, ಸದ್ದಿಲ್ದಿದ್ರೆ ಹೋಗೋದು" ಎಂದು ಅವನು ಮತ್ತೊಮ್ಮೆ ಹೇಳಿ ಗಟ್ಟಿ ಮಾಡಿಕೊಂಡ.

ಸೋಮವಾರ ಎಂಟು ಗಂಟೆಗೆ ಜವರಯ್ಯನವರು ಮೊದಲ ಬಸ್ಸಿಗೆ ಬಂದಿಳಿದರು. ಹೆಗಲ ಮೇಲಿನ ಟವೆಲಿನಲ್ಲಿ ಸೊಗಡವರೆಕಾಯಿ ಗಂಟು. ಅದನ್ನು ನನ್ನ ಕೈಗೆ ಕೊಟ್ಟು, "ಮನೇಲಿ ಸಾರು ಮಾಡ್ಸಿ. ನಿಮ್ಮ ಮಾತು ಫಲಿಸ್ತು ಕಣ್ರೀ" ಎಂದರು.

"ಯಾವ ಮಾತು?"

"ಅದೇ, ಹರಳೆಣ್ಣೆ. ನಮ್ಮನೇಲಿ ಹೊಸದಾಗಿ ಕಾಸಿದ್ದಿತ್ತು. ನಿನ್ನೆ ಮಧ್ಯಾಹ್ನ ನಮ್ಮುಡುಗ ಮಿಂದು ಮಲಗಿದ್ನಾ, ಆ ರಬ್ಬರ್ ಬಿರಡೆ ಕಿತ್ತು ಆಲಿಕೆ ಇಟ್ಟು ಬುಟ್ಟೆ. ಸಂಜೆ ಓಡಿಸ್ದ ನೋಡಿ, ಒಂದ್ ಚೂರು ಸದ್ದಿಲ್ಲ! ಚಾಮಣ್ಣನ ಕೈಗುಣ ಅಂತ ಕುಣಿದಾಡ್ದ."

"ನೀವು ಎಣ್ಣೆ ಬಿಟ್ಟಿದ್ದು ಅವನಿಗೆ ಗೊತ್ತಾ?"

"ಹೇಳ್ಲಿಲ್ಲ. ಅವತ್ತು ಎಲ್ಲಾರ ಜೊತೆ ಸೇರ್ಕಂಡು ನಕ್ಕನಲ್ಲ, ಮತ್ತೆ ನಗ್ತಾನೆ ಅಂತ ಸುಮ್ನಾದೆ."

ಅವರೆಕಾಯಿ ಗಂಟನ್ನು ಅಲ್ಲೇ ಕೆಳಗಿಟ್ಟೆ. ಆದರೂ ಒಂದು ಆಸೆ. ಒಂದು ಗಾಲಿ ಹೋದರೆ ಇನ್ನು ಮೂರಿವೆ, ಹೇಗೋ ನಿಲ್ಲಿಸಬಹುದು. "ಎಡಗಾಲಿಗೆ ಮಾತ್ರ ತಾನೆ ಬಿಟ್ಟಿದ್ದು?" ಎಂದೆ.

"ಅದೆಂಗಾಯ್ತದೆ? ಒಂದ್ ಗಾಲಿಗೆ ಬುಟ್ಟು ಇನ್ನೊಂದಕ್ಕೆ ಬುಡ್ದಿದ್ರೆ ಗಾಡಿ ಒಂದ್ಕಡೆ ಎಳೀತದೆ. ನಾಲ್ಕಕ್ಕೂ ಬುಟ್ಟೆ. ಅವನು ಕೋಳಿ ಕೂಗೋ ಹೊತ್ಗೇ ಹೊಂಟೋದ."

ಹರಳೆಣ್ಣೆ ಮಂದ. ತಣ್ಣಗಿದ್ದಾಗ ಡ್ರಮ್ಮಿನ ತಳದಲ್ಲಿ ಸುಮ್ಮನೆ ಕೂತಿರುತ್ತದೆ. ರಾವಂದೂರಿನ ಮಟ್ಟಸ ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಕಿರುಚಾಟ ನಿಲ್ಲುವಷ್ಟು ಮಾತ್ರ ಹರಡುತ್ತದೆ. ಇಪ್ಪತ್ತು ಮೈಲಿ ಓಡಿ ಬಿಸಿಯಾದ ಮೇಲೆ ನೀರಾಗಿ ಎಲ್ಲ ಲೈನಿಂಗಿಗೂ ಹತ್ತಿಕೊಳ್ಳುತ್ತದೆ. ಆಮೇಲೆ ಎಷ್ಟು ತುಳಿದರೂ ಜಾರುವುದೇ. ಆ ಲಾರಿಗೆ ಹ್ಯಾಂಡ್ ಬ್ರೇಕ್ ಇದ್ದದ್ದು ಹೆಸರಿಗೆ. ಆನೆಚೌಕೂರು ಕಾಡು ದಾಟಿ ತಿತಿಮತಿ ಕಡೆಗೆ ಹೋಗುವಾಗ ಒಂದು ಉದ್ದನೆಯ ಇಳಿಜಾರಿದೆ.

ಶೆಡ್ಡಿನಲ್ಲಿ ಎರಡು ಲಾರಿ, ಒಂದು ಜೀಪು ಇದ್ದವು. ಮೂರಕ್ಕೂ ನಾನೇ ಚಕ್ರ ಬಿಚ್ಚಿ ಇಟ್ಟಿದ್ದೆ. ಪೋಸ್ಟಾಫೀಸಿಗೆ ಓಡಿ ಫೋನು ಮಾಡಿಸಲು ನೋಡಿದೆ. ಆನೆಚೌಕೂರಿನ ಅರಣ್ಯ ಇಲಾಖೆ ಗೇಟಿಗೆ ಫೋನೇ ಇಲ್ಲ, ಗೋಣಿಕೊಪ್ಪಕ್ಕೆ ಲೈನು ಸಿಗಲು ಒಂದು ಗಂಟೆ ಆಗಬಹುದು, ಅದೂ ಸಿಕ್ಕರೆ, ಎಂದರು. ಅಷ್ಟರಲ್ಲಿ ವಿರಾಜಪೇಟೆ ಬಸ್ಸು ಬಂತು. ಹತ್ತಿದೆ. ಜವರಯ್ಯನವರೂ ಹಿಂದೆಯೇ ಹತ್ತಿದರು.

"ಎಲ್ಗೆ?" ಎಂದು ಕೇಳಿದರು.

"ಲಾರಿ ಒಂದ್ಸಲ ನೋಡ್ಬೇಕು ಯಜಮಾನ್ರೇ."

"ಅಷ್ಟು ಕಾಳಜಿ ಯಾರಿಗಿರ್ತದೆ ಹೇಳಿ" ಎಂದು ನನ್ನ ಪಕ್ಕದಲ್ಲೇ ಕೂತರು.

ಆ ಬಸ್ಸಿನಷ್ಟು ನಿಧಾನವಾದ ಬಸ್ಸನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಪ್ರತಿ ಹಳ್ಳಿಯಲ್ಲೂ ನಿಂತಿತು. ಒಬ್ಬ ಕೋಳಿ ಬುಟ್ಟಿಯನ್ನು ಟಾಪಿನ ಮೇಲೆ ಕಟ್ಟುವವರೆಗೆ ಕಂಡಕ್ಟರು ಬೀಡಿ ಸೇದುತ್ತಾ ನಿಂತ. ನಾನು ಕೂಗಾಡಿದೆ. "ನಿಂಗೊಬ್ಬಂಗೇ ಅಂತ ಬಸ್ ಬುಟ್ಟಿಲ್ಲ ಕಣಯ್ಯ" ಎಂದ. ಅವನು ಹೇಳಿದ್ದು ಸರಿಯೇ. ಪಕ್ಕದಲ್ಲಿ ಜವರಯ್ಯನವರು ಮಗನ ವಿಷಯ ಹೇಳುತ್ತಿದ್ದರು. ಎಂಟು ವರ್ಷದವನಿದ್ದಾಗ ಗಾಡಿಯ ಕೀಲು ಕಿತ್ತುಕೊಂಡು ಹೋಗಿ ಬಚ್ಚಿಟ್ಟಿದ್ದನಂತೆ. ಇವತ್ತು ಬೆಳಿಗ್ಗೆ ರೊಟ್ಟಿ ತಿನ್ನದೆ ಹೊರಟನಂತೆ. ಇವರಿಗೆ ವಿಷಯ ಹೇಳಲೇ ಬೇಡವೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಹೇಳಿ ಆಗುವುದೇನಿತ್ತು? ಬಸ್ಸು ಬೇಗ ಹೋಗುತ್ತಿತ್ತೇ? ಬಾಯಿ ಬಿಟ್ಟರೆ ಬರೀ ಬೈಗುಳ ಬರುತ್ತಿದ್ದ ನನಗೆ ಅವತ್ತು ಅವರೆದುರು ಒಂದು ಮಾತೂ ಬರಲಿಲ್ಲ. ಭಯವಾಗಿತ್ತು, ಅಷ್ಟೇ.

ಆನೆಚೌಕೂರು ಗೇಟಿನ ಗಾರ್ಡ್ ಲಾರಿಯನ್ನು ನೋಡಿದ್ದ.

"ಹೋಗಿ ಎರಡು ಗಂಟೆ ಆಯ್ತು. ಗೇಟಲ್ಲಿ ನಿಲ್ಲಲಿಲ್ಲ ಕಣ್ರೀ, ಹತ್ತು ಮಾರು ಮುಂದೆ ಹೋಗಿ ನಿಂತ್ಕಂತು. ಡ್ರೈವರ್ ಇಳಿದು ಬಂದು, ಹಿಂದಿನ ಗಾಲಿ ಪಕ್ಕ ಬಗ್ಗಿ ನೋಡ್ದ. ಆಮೇಲೆ ಹತ್ತಿ, ಕಿಟಕಿಯಿಂದ ತಲೆ ಆಚೆಗೆ ಹಾಕ್ಕಂಡು ಇನ್ನೊಂಚೂರು ಮುಂದಕ್ಕೆ ಬುಟ್ಟು, ಬ್ರೇಕ್ ತುಳಿದು ಕೇಳ್ದ. ಸದ್ದಿಲ್ಲ, ಪರವಾಗಿಲ್ಲ ಅಂದು ಹೊಂಟೋದ."

ನಾನು ಹೇಳಿಕೊಟ್ಟ ಪಾಠವನ್ನು ಅವನು ಅಕ್ಷರ ಬಿಡದೆ ಪಾಲಿಸಿದ್ದ.

ಇಳಿಜಾರಿನ ಅರ್ಧದಲ್ಲಿ ಬಸ್ಸು ತಾನಾಗಿಯೇ ನಿಂತಿತು. ರಸ್ತೆಯ ಬಲಗಡೆ, ಗುಡ್ಡ ಕಡಿದ ಮಣ್ಣಿನ ಬರೆಗೆ ಲಾರಿ ಮೂತಿ ತೂರಿಸಿಕೊಂಡು ನಿಂತಿತ್ತು. ಡ್ರೈವರ್ ಕೂರುವ ಕಡೆ ಒಳಕ್ಕೆ ಅಪ್ಪಚ್ಚಿಯಾಗಿತ್ತು. ಹಾಡಿಯ ಜನ ರಸ್ತೆ ಬದಿಯಲ್ಲಿ ಪಾತ್ರೆ ಗಂಟುಗಳ ನಡುವೆ ಕೂತಿದ್ದರು. ಜೋಗಮ್ಮ ಎಂಬ ಹೆಂಗಸಿನ ಕೈ ಮುರಿದಿತ್ತು, ಇನ್ನು ಕೆಲವರಿಗೆ ತರಚು ಗಾಯ. ಜೀವ ಹೋದವರು ಅವರಲ್ಲಿ ಯಾರೂ ಇರಲಿಲ್ಲ. ಬಸವರಾಜು ಅಲ್ಲಿರಲಿಲ್ಲ.

"ತೋಟದ ಜೀಪಲ್ಲಿ ಆಸ್ಪತ್ರೆಗೆ ತಗೊಂಡೋದ್ರು" ಎಂದ ಅವರ ಮುಖಂಡ ಮಲ್ಲ. ಅವನು ಮುಂದೆ ಡ್ರೈವರ್ ಪಕ್ಕದಲ್ಲೇ ಕೂತಿದ್ದವನು. "ಬ್ರೇಕ್ ಇಲ್ಲ, ಗಟ್ಟಿಯಾಗಿ ಹಿಡ್ಕಳಿ ಅಂತ ಕೂಗ್ದ. ಎಡಗಡೆ ಹಳ್ಳ ಸಾಮಿ. ಬೇಕೂಂತ್ಲೇ ತನ್ನ ಕಡೆ ಬರೆಗೇ ತಿರುಗಿಸ್ಕಂಡ."

ಜವರಯ್ಯನವರು ಟವೆಲನ್ನು ಬಾಯಿಗೆ ಒತ್ತಿಕೊಂಡು, "ಮಾತಾಡ್ತಿದ್ನಾ?" ಎಂದರು.

"ಮಾತಾಡ್ತಿದ್ದ" ಎಂದ ಮಲ್ಲ, ನನ್ನ ಮುಖ ನೋಡುತ್ತಾ. ಅದು ಸುಳ್ಳು. ಬಸವರಾಜು ಜೀಪಿನಲ್ಲೇ ತೀರಿಕೊಂಡಿದ್ದ, ನಮಗೆ ಅದು ಖಚಿತವಾಗಿ ಗೊತ್ತಾಗಿದ್ದು ಸಂಜೆ.

ಪೊಲೀಸ್ ದಫೇದಾರರು ಬಂದಿದ್ದರು. ಪುಸ್ತಕ ತೆರೆದು ಹೇಳಿಕೆ ಬರೆದುಕೊಳ್ಳುತ್ತಿದ್ದರು. ನಾನು ಮೆಕ್ಯಾನಿಕ್ ಎಂದು ತಿಳಿದ ಕೂಡಲೇ, "ನೀವೇ ರಿಪೇರಿ ಮಾಡಿದ್ದಾ? ಬ್ರೇಕ್ ಯಾಕೆ ಹೋಯ್ತು, ಹೇಳಿ" ಎಂದರು.

ಜವರಯ್ಯನವರು ನನ್ನ ಪಕ್ಕದಲ್ಲೇ ನಿಂತಿದ್ದರು. ಆಸ್ಪತ್ರೆಗೆ ಹೋಗೋಣ ಬನ್ನಿ ಎಂದು ನನ್ನ ತೋಳು ಹಿಡಿದು ಎಳೆಯುತ್ತಿದ್ದರು. ಹಿಂದಿನ ಚಕ್ರದಿಂದ ಎಣ್ಣೆ ತೊಟ್ಟಿಕ್ಕಿ ಧೂಳಿನಲ್ಲಿ ಅಗಲವಾಗಿ ಕಲೆಯಾಗಿತ್ತು. ಆ ವಾಸನೆ ಯಾರಿಗೆ ತಿಳಿಯುವುದಿಲ್ಲ? ಆದರೆ ಬ್ರೇಕ್ ಹೋಗಿದ್ದು ಅದರಿಂದಲೇ ಎಂದು ಅಲ್ಲಿದ್ದವರಲ್ಲಿ ತಿಳಿದಿದ್ದವನು ನಾನೊಬ್ಬನೇ. ನಾನು ಬಾಯಿ ಮುಚ್ಚಿಕೊಂಡರೆ ಈ ಮುದುಕ ಸಾಯುವವರೆಗೂ ತಿಳಿಯದೆ ಇರಬಹುದು. ಅಷ್ಟಾದರೂ ನನ್ನ ಕೈಲಿತ್ತು.

"ನನ್ನ ತಪ್ಪು ಸ್ವಾಮಿ" ಎಂದೆ. "ಲೈನಿಂಗ್ ಸವೆದಿತ್ತು. ಸಾಮಾನು ಬರೋವರೆಗೂ ಲಾರಿ ಬಿಡಬಾರದಿತ್ತು. ನಾನೇ ಓಡಿಸು ಅಂದೆ. ಹಾಗೇ ಬರ್ಕೊಳ್ಳಿ."

ದಫೇದಾರರು ತಲೆಯಾಡಿಸಿ ಬರೆಯತೊಡಗಿದರು. ಜವರಯ್ಯನವರು ನನ್ನ ತೋಳು ಬಿಟ್ಟರು. ನನ್ನನ್ನು ಹಿಂದಕ್ಕೆ ಸರಿಸಿ ತಾವು ಮುಂದೆ ಬಂದು ನಿಂತರು.

"ಇಲ್ಲ ಸಾಮಿ, ಇವರದ್ದೇನೂ ತಪ್ಪಿಲ್ಲ" ಎಂದರು. "ಒಳ್ಳೆ ಮನುಷ್ಯ, ತನ್ನ ಮೇಲೇ ಹಾಕ್ಕೋತಾವ್ರೆ. ಗಾಲಿ ಚೆನ್ನಾಗಿತ್ತು. ನಾನೇ ಕೈಯಾರ ನೋಡ್ದೋನು."

"ಜವರಯ್ಯನೋರೇ, ಸುಮ್ನಿರಿ" ಎಂದೆ. ಅವರ ರಟ್ಟೆ ಹಿಡಿದೆ. ಕೊಡವಿಕೊಂಡರು. ಗಾಡಿ ಹೊಡೆದ ಕೈ ಅದು, ನನ್ನ ಹಿಡಿತಕ್ಕೆ ಸಿಗಲಿಲ್ಲ.

"ಹೇಳ್ಬುಡ್ತೀನಿ ಇರಿ. ನಿರಪರಾಧಿ ಮೇಲೆ ಕೇಸ್ ಯಾಕೆ?" ಎಂದು ಅವರು ಹಿಂದಿನ ಗಾಲಿಯ ಹತ್ತಿರ ಹೋಗಿ ಬಗ್ಗಿ, ಆ ಕಂಡಿಗೆ ಬೆರಳಿಟ್ಟು ತೋರಿಸಿದರು. "ಇಲ್ನೋಡಿ ಸಾಮಿ. ಇದ್ರೊಳಕ್ಕೆ ಹರಳೆಣ್ಣೆ ಬುಟ್ಟಿದ್ದೆ. ಮನೇಲಿ ಕಾಸಿದ್ದು, ಕಲಬೆರಕೆ ಇಲ್ಲ. ಇದಕ್ಕೊಂದೇ ಅಲ್ಲ, ನಾಲ್ಕಕ್ಕೂ ಬುಟ್ಟಿದ್ದೆ."

ದಫೇದಾರರ ಪೆನ್ನು ನಿಂತಿತು. ಅವರು ನನ್ನ ಕಡೆ ನೋಡಿದರು. ಅವರಿಗೆ ಅರ್ಥವಾಗಿತ್ತು. ಮಲ್ಲನಿಗೂ ಅರ್ಥವಾಗಿ ಅವನು ಬೇರೆ ಕಡೆ ತಿರುಗಿಕೊಂಡ.

ಎಣ್ಣೆಯಾದ ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಜವರಯ್ಯನವರು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದರು.

"ಯಾಕೆ ಸಾಮಿ ನಿಲ್ಸಿದ್ರಿ?" ಎಂದರು. "ಬರ್ಕಳಿ."