ಎರಡನೇ ಕೋಟು

"ಇನ್ನೂ ಎಷ್ಟೊತ್ತು ಕೂರಿಸ್ತೀರಿ? ಇಲ್ಲೇ ಬಿದ್ದು ಸತ್ತ ಮೇಲೆ ನಂಬರ್ ಕರೀತೀರಾ?"

ಮಗ ಮೇಜು ಗುದ್ದಿದಾಗ ಕಣ್ಣಾಸ್ಪತ್ರೆಯ ಬೆಂಚುಗಳಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪ ಮಾತ್ರ ನೋಡಲಿಲ್ಲ. ಗೋಡೆಗೆ ತಲೆ ಆನಿಸಿ, ಕಣ್ಣು ಮುಚ್ಚಿ, ತಲೆಸುತ್ತು ಇಳಿಯಲೆಂದು ಕಾಯುತ್ತಿದ್ದ.

ನಲವತ್ತು ವರ್ಷ ಅಂಗಡಿಗಳಿಗೆ ಬೋರ್ಡು ಬರೆದವನು. ಕಣ್ಣಿನ ಒತ್ತಡ ಏರಿ ನೋಟ ಅಂಚಿನಿಂದ ಒಳಗೆ ಸವೆಯುತ್ತ ಬಂದಿತ್ತು. ದಿನಕ್ಕೆರಡು ಹೊತ್ತು ಬಿಡುವ ಹನಿ ಅದನ್ನು ಎರಡು ವರ್ಷದಿಂದ ತಡೆದು ನಿಲ್ಲಿಸಿತ್ತು. ಕಳೆದ ವರ್ಷ ಹೃದಯವೂ ತಕರಾರು ತೆಗೆಯಿತು. ಈಗ ಒಂದೇ ತಿಂಗಳಲ್ಲಿ ಎರಡು ಸಲ ಏಣಿಯಿಂದ ಜಾರಿದ್ದ. ನಾಡಿ ನಲವತ್ತೆರಡಕ್ಕೆ ಇಳಿದಿದೆ, ಹೀಗೇ ಇದ್ದರೆ ಮುಂದಿನ ವಾರ ಎದೆಯಲ್ಲಿ ಯಂತ್ರ ಕೂರಿಸಬೇಕು ಎಂದಿದ್ದರು ಹೃದಯದ ಡಾಕ್ಟರು. ಏನೇನು ಔಷಧಿ ತಗೊಳ್ತೀರಿ ಎಂದು ಅವರು ಕೇಳಿದಾಗ ಅಪ್ಪ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿದಿದ್ದ. ಹನಿಯ ಸುದ್ದಿ ಎತ್ತಿರಲಿಲ್ಲ. ಅವನ ಲೆಕ್ಕದಲ್ಲಿ ನುಂಗಿದರೆ ಮಾತ್ರ ಔಷಧಿ. ಇವತ್ತು ಕಣ್ಣು ತೋರಿಸುವ ಸರದಿ.

ಮೇಜಿನ ಹಿಂದಿದ್ದ ನರ್ಸ್ ಕನ್ನಡಕ ಮೇಲೇರಿಸಿ ಮಗನನ್ನು ನೋಡಿದಳು. ನಿವೃತ್ತಿಯ ಹತ್ತಿರ ಬಂದ ಹೆಂಗಸು. ಬೈಗುಳ ಕೇಳಿ ಕೇಳಿ ಆಕೆಯ ಕಿವಿ ಜಡ್ಡುಗಟ್ಟಿತ್ತು.

"ನಿನ್ನ ಗಂಟಲಿಗೆ ಏನೂ ಕಾಯಿಲೆ ಇಲ್ಲ ಬಿಡಪ್ಪ," ಎಂದು ಎದ್ದು ಬಂದು ಅಪ್ಪನ ಮಣಿಕಟ್ಟು ಹಿಡಿದಳು. ಗಡಿಯಾರ ನೋಡುತ್ತ ನಿಂತವಳ ಮುಖ ಬಿಗಿಯಾಯಿತು. ಸಾಲು ಬಿಡಿಸಿ ಒಳಕೋಣೆಗೆ ಕರೆದೊಯ್ದಳು. ಮಗ ಹಿಂದೆಯೇ ನುಗ್ಗಿ, ಇಷ್ಟು ದುಡಿದ ಮನುಷ್ಯನನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಚೆಂಡಿನ ಹಾಗೆ ಒದೀತಾ ಇದ್ದೀರಿ ಎಂದು ಶುರುಮಾಡಿದ. ಆಕೆ ಅವನಿಗೆ ಬೆನ್ನು ಹಾಕಿ, ಜೇಬಿನಲ್ಲಿರುವ ಹನಿಯನ್ನು ಮನೆಯಲ್ಲಿ ಹಾಕಿಕೊಳ್ಳುವ ಹಾಗೇ ಹಾಕಿಕೊಂಡು ತೋರಿಸಿ ಎಂದು ಅಪ್ಪನಿಗೆ ಹೇಳಿದಳು. ಬಾಟಲಿಯ ಮುಚ್ಚಳ ತೆಗೆಯಬೇಡಿ, ಬರೀ ಸನ್ನೆ ಮಾಡಿ ತೋರಿಸಿದರೆ ಸಾಕು ಎಂದಳು.

ಅಪ್ಪ ಕತ್ತೆತ್ತಿದ. ಕೈ ಒಂದಿಷ್ಟೂ ನಡುಗಲಿಲ್ಲ. ಎರಡು ಕಣ್ಣಿಗೂ ಒಂದೊಂದು ಹನಿಯ ಸನ್ನೆ. ಮುಗಿಯಿತು ಎಂದುಕೊಂಡರೆ, ಅವನು ಸುಮ್ಮನೆ ಕಾದು ಕೂತು, ಮತ್ತೆ ಕತ್ತೆತ್ತಿ ಇನ್ನೊಂದೊಂದು ಬಿಡುವ ಸನ್ನೆ ಮಾಡಿದ.

"ಇದ್ಯಾಕೆ ಮತ್ತೆ?"

"ಎರಡನೇ ಕೋಟು," ಎಂದ ಅಪ್ಪ. "ಒಂದೇ ಕೋಟು ಬಣ್ಣ ಹೊಡೆದ ಬೋರ್ಡು ಎಷ್ಟು ದಿನ ಬಾಳುತ್ತೆ ತಾಯಿ? ಎರಡು ತಿಂಗಳಿಂದ ಗೆರೆ ಸೊಟ್ಟ ಕಾಣೋಕೆ ಶುರುವಾಯ್ತು. ಸಂಜೆ ಮೂರು ಕೋಟು ಹೊಡೀತೀನಿ."

ನರ್ಸ್ ನಗಲಿಲ್ಲ. ಓಡಿಹೋಗಿ ಕಣ್ಣಿನ ಡಾಕ್ಟರನ್ನು ಕರೆತಂದಳು. ಅವರು ಬಿಡಿಸಿ ಹೇಳಿದರು: ಕಣ್ಣಿಗೆ ಬಿಟ್ಟಿದ್ದು ಮೂಗಿಗೆ ಇಳಿದು ರಕ್ತ ಸೇರುತ್ತದೆ, ಈ ಹನಿ ಹೃದಯದ ಬಡಿತ ತಗ್ಗಿಸುವ ಜಾತಿಯದು, ಈ ಹೃದಯಕ್ಕೆ ಒಂದು ಹನಿಯೇ ಹೆಚ್ಚು. ಅಲ್ಲಿಂದಲೇ ಹೃದಯದ ಡಾಕ್ಟರಿಗೆ ಫೋನ್ ಮಾಡಿದರು. ಅಂದೇ ಅಪ್ಪನನ್ನು ಆ ಆಸ್ಪತ್ರೆಗೆ ಸೇರಿಸಿ ನೋಡಿಕೊಳ್ಳುವುದೆಂದು ಆಯಿತು. ಹಳೆಯ ಹನಿ ಬಂದ್. ಹೊಸದು ಬೇರೆ ಜಾತಿಯದು, ರಾತ್ರಿ ಒಂದೇ ಒಂದು. ಬಿಟ್ಟ ಮೇಲೆ ಮೂಗಿನ ಪಕ್ಕ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಬೇಕು. ಹೇಗೆ ಒತ್ತಬೇಕೆಂದು ನರ್ಸ್ ಮಗನ ಬೆರಳು ಹಿಡಿದು ತೋರಿಸಿಕೊಟ್ಟಳು. ಅವನು ತನ್ನ ಕಣ್ಣಿನ ಮೂಲೆಯನ್ನೇ ಒತ್ತಿ ಹಿಡಿದು ಎರಡು ನಿಮಿಷ ಎಣಿಸಿದ.

ಮುಂದಿನ ವಾರ ಮಗ ಒಬ್ಬನೇ ಬಂದ. ಚೀಟಿ ತೆಗೆದುಕೊಂಡು, ಒಂದು ಗಂಟೆ ಇಪ್ಪತ್ತು ನಿಮಿಷ ಸದ್ದಿಲ್ಲದೆ ಬೆಂಚಿನ ಮೇಲೆ ಕೂತ. ಅವನ ನಂಬರ್ ಕರೆದಾಗ ನರ್ಸ್ ಆಚೀಚೆ ನೋಡಿ, "ಎಲ್ಲಪ್ಪಾ ಪೇಶೆಂಟು?" ಎಂದಳು.

"ಮನೆಗೆ ಬಂದ್ರು. ಯಂತ್ರ ಬೇಡವಂತೆ. ಏಣಿ ಹತ್ತೋ ಹಾಗಿಲ್ಲ ಅಂದಿದ್ದಕ್ಕೆ ನೆಲದ ಮೇಲೇ ಕೂತು ಬೋರ್ಡು ಬರೀತಿದ್ದಾರೆ."

"ಮತ್ತೆ ನೀನ್ಯಾಕೆ ಬಂದೆ?"

ತಪ್ಪಾಯ್ತು ಎನ್ನುವ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಜನ್ಮದಲ್ಲಿ ಅವನು ಯಾರಿಗೂ ಅಂಥದ್ದನ್ನು ಹೇಳಿರಲಿಲ್ಲ.

"ಅಪ್ಪನ ನಾಡಿ ಅರವತ್ತೆರಡು," ಎಂದ.

ಆಕೆ ಪೆನ್ನು ಕೆಳಗಿಟ್ಟಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, ಮುಂದಿನ ನಂಬರ್ ಕರೆದಳು.

ಒಂದು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡಿದ್ದ ಮುದುಕಿಯೊಬ್ಬಳು ಎದ್ದು, ಗೋಡೆ ತಡವುತ್ತ ಬರತೊಡಗಿದಳು. ಮಗ ಪಕ್ಕಕ್ಕೆ ಸರಿದು ಒಳಕೋಣೆಯ ಬಾಗಿಲನ್ನು ಹಿಡಿದು ನಿಂತ. ಆಕೆ ಬಹಳ ನಿಧಾನವಾಗಿ ಬರುತ್ತಿದ್ದಳು.