ಭಾವ ಮೆತ್ತಿದ ದಂಡೆ

ತೂತು ಕಂಡರೆ ನಮ್ಮ ಭಾವನ ಕೈ ಸುಮ್ಮನಿರುತ್ತಿರಲಿಲ್ಲ. ನಲವತ್ತು ವರ್ಷ ದರ್ಜಿಯಾಗಿದ್ದವರು. ಎದುರಿಗಿದ್ದವರ ಮುಖಕ್ಕಿಂತ ಮೊದಲು ತೋಳಿನ ಹೊಲಿಗೆ ನೋಡುತ್ತಿದ್ದರು, ಮಾತಿನ ನಡುವೆ ಸೂಜಿ ಕಚ್ಚಿಕೊಂಡವರಂತೆ ತುಟಿ ಬಿಗಿದು ನಿಂತುಬಿಡುತ್ತಿದ್ದರು.

ಕಣ್ಣು ಮಂಜಾಗಿ ಅಂಗಡಿ ಬಿಟ್ಟ ಮೇಲೆ, ಹಳೆಯ ಕೋಟಿಗೆ ಒಳಗೂ ಹೊರಗೂ ಹನ್ನೊಂದು ಜೇಬು ಹೊಲಿದು, ಒಂದೊಂದರಲ್ಲಿ ಒಂದೊಂದು ಬಗೆಯ ಕಾಡುಹೂವಿನ ಬೀಜ ತುಂಬಿ, ಬಟ್ಟೆ ಅಳೆಯುವವರ ಹಾಗೆ ಹೆಜ್ಜೆಗೆ ಹೆಜ್ಜೆ ಜೋಡಿಸುತ್ತ, ಮರಳು ತೆಗೆದವರು ಬೋಳು ಮಾಡಿಹೋದ ನದೀದಂಡೆಯುದ್ದಕ್ಕೂ ಬಿತ್ತುತ್ತಿದ್ದರು. "ಜೇನಿಗೂ ಊಟ ಬೇಡ್ವಾ?" ಎಂಬುದಷ್ಟೇ ಅವರ ವಿವರಣೆ.

ಅಕ್ಕ ರೇಗುತ್ತಿದ್ದಳು: "ಮನೆಗೆ ಬಂದೋರಿಗೆ ಒಂದ್ ಲೋಟ ನೀರು ಕೊಟ್ಟೋರಲ್ಲ, ಹುಳಕ್ಕೆ ಔತಣ ಹಾಕ್ತಾರಂತೆ!"

ಮೂರನೆಯ ವರ್ಷ ದಂಡೆ ನೀಲಿ ಹಳದಿಯಾಗಿ ಅರಳಿತು. ಹೂಗಳ ಮೇಲೆ ಮಾತ್ರ ಒಂದು ಝೇಂಕಾರವೂ ಇಲ್ಲ. ಶಾಲೆಯ ವಿಜ್ಞಾನದ ಟೀಚರಮ್ಮ ಬಂದು, ದಂಡೆಯ ಇಳಿಜಾರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕೇಳಿದರು: "ಇಲ್ಲಿ ಸಣ್ಣ ತೂತುಗಳಿದ್ವಲ್ಲ, ಯಾರು ಮೆತ್ತಿದ್ದು? ಮಣ್ಣೊಳಗೆ ಗೂಡು ಮಾಡೋ ಜೇನು ಅವು. ಮರಿಗಳೆಲ್ಲ ಒಳಗೇ ಇದ್ವು."

ತಪ್ಪನ್ನು ನದಿಯ ನೆರೆಯ ಮೇಲೆ ಹೊರಿಸಬಹುದಿತ್ತು. ಮೆತ್ತಲು ಮಣ್ಣು ಕಲಸಿಕೊಟ್ಟಿದ್ದ ನಾನು ಮೆಲ್ಲಗೆ ಹಿಂದೆ ಸರಿದೆ. ಭಾವ ಕೋಟಿನ ಗುಂಡಿ ಬಿಚ್ಚಿ, ಮತ್ತೆ ಹಾಕಿ ಹೇಳಿದರು: "ನಾನೇ. ಇರುವೆ ಗೂಡು, ಬೀಜ ತಿಂದಾವು ಅಂತ, ಒಂದೂ ಬಿಡ್ದೆ ಮುಚ್ದೆ."

"ಕೆರೆದು ಬೋಳು ಬಿಡಿ, ಗೂಡಿಗೆ ಬರೀ ಮಣ್ಣೇ ಬೇಕು ಅವಕ್ಕೆ," ಎಂದರು ಟೀಚರಮ್ಮ. " ಮೇಲಿನ ದಂಡೆಯಿಂದ ಬಂದ್ರೆ ಬಂದಾವು. ಬರ್ದೇ ಇರ್ಲೂಬಹುದು."

ಆ ಇಳಿಜಾರಿನಲ್ಲಿ ಅರಳಿದ್ದ ಗಿಡಗಳನ್ನು ಭಾವ ತಾವೇ ಕಿತ್ತರು. ಮೆತ್ತಿದ್ದನ್ನು ಕೆರೆದರು. ಆಮೇಲೆ ಎರಡು ವರ್ಷ, ಬಿಸಿಲೇರುವ ಹೊತ್ತಿಗೆ ಹೋಗಿ, ಏನನ್ನೂ ಮುಟ್ಟದಂತೆ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತರು.

"ಬಂತಾ?" ಅಕ್ಕ ಕೇಳುತ್ತಿದ್ದಳು, ಈಗ ರೇಗದೆ.

"ಇಲ್ಲ ಕಣೇ."

ಒಂದು ಮಧ್ಯಾಹ್ನ ಬಾಗಿಲಲ್ಲೇ ನಿಂತು ಒಂದು ಬೆರಳೆತ್ತಿದರು. ಇಳಿಜಾರಿನಲ್ಲಿ ಹೊಸದಾಗಿ ಮಣ್ಣು ತೋಡಿದ ಒಂದೇ ಒಂದು ಗೂಡು. "ಒಂದಕ್ಕೇ ಇಷ್ಟೊಂದಾ!" ಎಂದ ಅಕ್ಕ ಮುಖ ತಿರುಗಿಸಿಕೊಂಡಳು.

ಒಳ್ಳೆಯದು ಮಾಡಹೊರಟು ಕೇಡು ಮಾಡಿದವರನ್ನು ಬಹಳ ಕಂಡಿದ್ದೇನೆ. ಹೆಚ್ಚಿನವರು ತಮ್ಮ ಸದುದ್ದೇಶವನ್ನೇ ಎತ್ತಿ ತೋರಿಸಿ ಹಗುರಾಗುತ್ತಾರೆ. ಭಾವನಂಥವರು ವಿರಳ. ಅವರು ತಾವು ಕೊಂದದ್ದರ ಎದುರಿಗೇ ಹೋಗಿ ಕೂರುತ್ತಾರೆ, ಕ್ಷಮೆ ಸಿಕ್ಕ ಮೇಲೂ ಅಲ್ಲಿಂದ ಬೇಗ ಏಳುವುದಿಲ್ಲ.