ಮೇಲಿನ ದನಿ

"ಇಲ್ಲೇ ಇದೆಯಲ್ಲ ಹೆಸರು," ಎಂದು ಆ ಹೆಂಗಸು ಕಾರ್ಡಿನ ಮೇಲೆ ಬೆರಳಿಟ್ಟಳು. "ಹಪ್ಕಾ ಷುಲ್ಹಾ, ಹುಟ್ಟಿದ್ದು ಹತ್ತೊಂಬೈನೂರ ಹತ್ತು, ವೆರ್ಬಿವ್ಕಾ ಹಳ್ಳಿ. ಇವಳೇ ನಮ್ಮಜ್ಜಿ. ಪಕ್ಕದಲ್ಲಿ ನೋಡಿ, ಮೇಲಿನ ದನಿ ಅಂತ ಬರೆದಿದೆ."

ವಿಶ್ವವಿದ್ಯಾಲಯದ ಧ್ವನಿ ಭಂಡಾರ ನೋಡಿಕೊಳ್ಳುವ ಯರಿನಾ ಪನಾಸಿವ್ನಾ ಕನ್ನಡಕ ತೆಗೆದು ಸ್ವೆಟರಿನ ಅಂಚಿಗೆ ಒರೆಸಿದಳು. ಅದು ಆಗಲೇ ಶುಭ್ರವಾಗಿತ್ತು. ಕಾರ್ಡಿನ ಮೇಲಿದ್ದ ದುಂಡು ಅಕ್ಷರ ಅವಳದೇ. ಮೂವತ್ತೈದು ವರ್ಷದ ಹಿಂದೆ, ಹತ್ತೊಂಬತ್ತರ ವಯಸ್ಸಿನಲ್ಲಿ, ಹಾಸ್ಟೆಲಿನ ಕಿಟಕಿ ಕಟ್ಟೆಯ ಮೇಲೆ ಕೂತು ಬರೆದದ್ದು. ಬರೆದದ್ದೆಲ್ಲ ನಿಜ, ಒಂದು ಸಾಲು ಬಿಟ್ಟು. ಆ ಒಂದು ಸಾಲನ್ನು ಯಾರೂ ಯಾವತ್ತೂ ಕೇಳಿಕೊಂಡು ಬರುವುದಿಲ್ಲ ಎಂದುಕೊಂಡು ಅವಳು ಇಷ್ಟು ಕಾಲ ನೆಮ್ಮದಿಯಾಗಿದ್ದಳು.

"ನಿಮ್ಮ ಹೆಸರೇನು ಅಂದ್ರಿ?"

"ವಸಿಲಿನಾ. ಹಪ್ಕಾಳ ಮಗಳ ಮಗಳು. ಬೆಳಗಿನ ಬಸ್ಸಿಗೇ ಬಂದೆ." ಹೆಂಗಸು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಮಡಿಲಲ್ಲಿ ಚೆರ್ರಿ ಹಣ್ಣಿನ ಡಬ್ಬಿಯೊಂದಿತ್ತು, ವಿಭಾಗಕ್ಕೆಂದು ತಂದದ್ದು. "ಶನಿವಾರ ನನ್ನ ಮಗಳ ಮದುವೆ. ಶುಕ್ರವಾರ ಕೊರೊವಾಯ್ ಬೇಯಿಸಬೇಕು. ಮದುವೆ ರೊಟ್ಟಿ ಬೇಕರಿಯಿಂದ ತಂದರಾಯ್ತು ಅಂತಾರೆ ನಮ್ಮ ಬೀಗಿತ್ತಿ. ನಾನು ಜಗಳಾನೇ ಆಡಿದೆ. ಹಿಟ್ಟು ನಾದೋಕೆ ಏಳು ಜನ ಹೆಂಗಸರು ಸಿಕ್ಕಿದ್ದಾರೆ. ಹಾಡೋಕೆ ಒಬ್ಬಳೂ ಇಲ್ಲ! ಅಜ್ಜಿ ದನಿ ಇಲ್ಲಿದೆ ಅಂತ ನಮ್ಮ ಊರಿನ ಮೇಷ್ಟ್ರು ಹೇಳಿದ್ರು. ಫೋನಿಗೆ ಹಾಕಿಕೊಂಡು ಹೋಗ್ತೀನಿ. ಅಜ್ಜಿನೇ ಬಂದು ಹಾಡಿದ ಹಾಗಾಗತ್ತೆ ಅಲ್ವಾ?"

"ಅಜ್ಜಿ ದನಿ ನೆನಪಿದೆಯಾ ನಿಮಗೆ?"

"ಅಪ್ಪನಿಗೆ ಸೈಬೀರಿಯಾದಲ್ಲಿ ಕೆಲಸ. ಊರು ಬಿಟ್ಟಾಗ ನನಗೆ ಆರು ವರ್ಷ. ಅಜ್ಜಿ ಎಂಬತ್ನಾಲ್ಕರಲ್ಲಿ ಹೋಗಿಬಿಟ್ಟಳು, ಮಣ್ಣಿಗೂ ಬರೋಕಾಗಲಿಲ್ಲ. ಒಂದು ಫೋಟೋ ಇದೆ, ಅದರಲ್ಲೂ ತಲೆವಸ್ತ್ರ ಮುಖದ ಮೇಲೆ ಬಂದಿದೆ. ದನಿ ಕೇಳಿದ ತಕ್ಷಣ ಗುರುತಿಸ್ತೀನಿ, ನೋಡ್ತಿರಿ."

ಎಂಬತ್ನಾಲ್ಕರಲ್ಲಿ ಹೌದು. ಆದರೆ ಫೆಬ್ರವರಿಯಲ್ಲಿ. ಯರಿನಾ ಟೇಪ್ ರೆಕಾರ್ಡರ್ ಹೊತ್ತುಕೊಂಡು ವೆರ್ಬಿವ್ಕಾಕ್ಕೆ ಹೋದದ್ದು ಜುಲೈಯಲ್ಲಿ.

ಟೇಪಿನ ಸುರುಳಿ ತರುತ್ತೇನೆಂದು ಹೇಳಿ ಅವಳು ಒಳಕೋಣೆಗೆ ಹೋದಳು. ಸುರುಳಿ ಯಾವ ಕಪಾಟಿನ ಯಾವ ಅಡ್ಡಹಲಗೆಯಲ್ಲಿದೆ ಎಂಬುದು ಕಣ್ಣುಮುಚ್ಚಿಯೂ ಗೊತ್ತಿತ್ತು. ಆದರೂ ಸ್ವಲ್ಪ ಹೊತ್ತು ಹುಡುಕಿದಳು.

ಉಕ್ರೇನಿಯನ್ ಭಾಷೆ ಮತ್ತು ಸಾಹಿತ್ಯ ವಿಭಾಗಕ್ಕೆ ಅವಳು ಸೇರಿದ ವರ್ಷ ಅಲ್ಲಿ ನಲವತ್ತು ಹುಡುಗಿಯರು, ಮೂವರು ಹುಡುಗರು. ಮೂವರೂ ರಾಜಕುಮಾರರಂತೆ ಮೆರೆಯುತ್ತಿದ್ದರು. ಮಗಳು ಈ ವಿಭಾಗಕ್ಕೆ ಸೇರುತ್ತಾಳೆಂದಾಗ ಯರಿನಾಳ ಅಪ್ಪ, "ನಾವು ಅಂಗಳದಲ್ಲಿ ಆಡೋ ಮಾತನ್ನ ಕಲಿಯೋಕೆ ಐದು ವರ್ಷ ಬೇಕೇನೇ?" ಎಂದು ನಕ್ಕಿದ್ದ. ಅವಳಿಗೆ ಮಾತ್ರ ಆ ಕಟ್ಟಡದ ಎಲ್ಲವೂ ಇಷ್ಟವಾಗಿತ್ತು. ಮೆಟ್ಟಿಲ ಮೇಲೆ ಒದ್ದೆ ಕೋಟುಗಳ ವಾಸನೆ, ಉಪಭಾಷೆಗಳ ಹರಿದ ನಕ್ಷೆ, ಒಬ್ಬಳು ತಂದ ಹಂದಿಕೊಬ್ಬು ಮತ್ತು ಬೆಳ್ಳುಳ್ಳಿಯನ್ನು ಆರು ಜನ ಹಂಚಿಕೊಂಡು ತಿಂದು ಹಳೆಯ ಸ್ಲಾವಿಕ್ ಭಾಷೆಯ ಪರೀಕ್ಷೆಗೆ ಓದುತ್ತಿದ್ದ ಸಂಜೆಗಳು. ಅಷ್ಟು ಸುಖ ಮತ್ತೆ ಸಿಗಲಿಲ್ಲ. ಇದನ್ನು ಅವಳು ಯಾರ ಮುಂದೆ ಬೇಕಾದರೂ ಹೇಳುತ್ತಾಳೆ.

ಮೊದಲ ವರ್ಷ ಮುಗಿದ ಮೇಲೆ ಜಾನಪದ ಸಂಗ್ರಹ. ಪ್ರತಿಯೊಬ್ಬರೂ ಒಂದೊಂದು ಹಳ್ಳಿಯಲ್ಲಿ ಎರಡು ವಾರವಿದ್ದು ಹಾಡು ತರಬೇಕು. ಹೊರಡುವ ದಿನ ಜಾನಪದ ಪಾಠ ಹೇಳುತ್ತಿದ್ದ ನಿಕನೋರ್ ಸವಿಚ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿಕೊಂಡು ಎರಡೇ ನಿಯಮ ಹೇಳಿದ್ದರು. "ಒಂದು, ನೀವು ಕಿವಿ, ಬಾಯಲ್ಲ. ಟೇಪಿನಲ್ಲಿ ನಿಮ್ಮ ದನಿ ಬಂದರೆ ಅದು ದಾಖಲೆಯಲ್ಲ, ಕಸ. ಎರಡು, ಸುರುಳಿ ಕತ್ತರಿಸಬಾರದು. ಕತ್ತರಿಸಿದವರು ಶರತ್ಕಾಲದಲ್ಲಿ ನನ್ನ ಮುಖ ನೋಡೋಕೆ ಬರಬೇಡಿ." ಯರಿನಾ ಆ ಎರಡನ್ನೂ ನೋಟುಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದಳು, ಪಾಪ.

ವೆರ್ಬಿವ್ಕಾದಲ್ಲಿ ಅವಳು ಉಳಿದದ್ದು ಪರಾಸ್ಕಾ ಅಜ್ಜಿಯ ಮನೆಯಲ್ಲಿ. ಮುದುಕಿ ಬೆಳಿಗ್ಗೆ ಹಾಲು, ಮಧ್ಯಾಹ್ನ ಬೋರ್ಷ್ ಸಾರು, ಸಂಜೆ ಚೆರ್ರಿ ತುಂಬಿದ ವರೆನಿಕಿ ಕಡುಬು ಕೊಟ್ಟು ಹುಡುಗಿಯ ಕೆನ್ನೆ ತುಂಬಿಸಿದಳು. ಹಾಡು ಮಾತ್ರ ಕೊಡಲಿಲ್ಲ.

"ಅವ್ವಾ, ನನ್ನ ಪರೀಕ್ಷೆ ನಿಮ್ಮ ಕೈಲಿದೆ," ಎಂದು ಯರಿನಾ ಗೋಗರೆದಳು. "ಎಲ್ಲಾ ಊರಲ್ಲೂ ಕೊರೊವಾಯ್ ಹಾಡನ್ನ ಒಂದೇ ದನಿಯಲ್ಲಿ ಹಾಡ್ತಾರಂತೆ. ನಿಮ್ಮೂರಲ್ಲಿ ಮಾತ್ರ ಎರಡು ದನಿ. ಅದನ್ನ ತರದೇ ಬರಬೇಡ ಅಂದಿದ್ದಾರೆ ನಮ್ಮ ಮೇಷ್ಟ್ರು."

"ಎರಡು ದನಿ ಅಂತ ನೀನೇ ಯೋಳ್ತೀಯ. ನಂತಾವ ಒಂದೇ ಅದೆ ಕಣ್ ಮಗ. ನಾನು ಕೆಳಗೆ ಹಿಡಿಯೋಳು. ಮ್ಯಾಲೆ ಹಿಡೀತಿದ್ದ ಹಪ್ಕಾ ಹಿಮ ಬೀಳೋವಾಗ ಹೊಂಟೋದ್ಲು. ಐವತ್ತು ವರ್ಸ ಕೂಡಿ ಹಾಡಿದ್ದು. ಈಗ ನಾನೊಬ್ಳೇ ಹಾಡಿದ್ರೆ ಹಸ ಅಂಬಾ ಅಂದಂಗಾಯ್ತದೆ."

"ಕೆಳಗಿನದನ್ನಾದರೂ ಹಾಡಿ."

"ಹಿಟ್ ನಾದೋ ಸದ್ದಿಲ್ದೆ ಆ ಹಾಡ ಎತ್ತಬಾರ್ದು. ಐದು ವರ್ಸ ಓದೋರಿಗೆ ಇದನ್ನೂ ಯೋಳ್ಕೊಡಾಕಿಲ್ವಾ?"

ಹತ್ತು ದಿನ ಹೀಗೇ ಕಳೆಯಿತು. ಹನ್ನೊಂದನೆಯ ದಿನ ಮನೆಗೆ ರೊಟ್ಟಿ ಬೇಯಿಸಲು ಮುದುಕಿ ಮರದ ತೊಟ್ಟಿಯಲ್ಲಿ ಹಿಟ್ಟು ನಾದುತ್ತಿದ್ದಳು. ಯರಿನಾ ಅಂಗಿಯ ತೋಳು ಮಡಚಿ ಎದುರಿಗೆ ಕೂತು ತಾನೂ ನಾದತೊಡಗಿದಳು. ಸ್ವಲ್ಪ ಹೊತ್ತಿಗೆ ಪರಾಸ್ಕಾ ತನಗೇ ಗೊತ್ತಿಲ್ಲದೆ ಗುನುಗಿದಳು. ಆಮೇಲೆ ಕೈ ನಿಲ್ಲಿಸಿ ಹುಡುಗಿಯನ್ನು ದಿಟ್ಟಿಸಿದಳು.

"ನಿಂಗೆ ಗಂಟಲೈತಾ?"

ಕೆಂಪು ಶಾಯಿಯ ಮೊದಲ ನಿಯಮ ಅಲ್ಲಿಗೆ ಮುಗಿಯಿತು. ಮುದುಕಿ ಮೂರು ದಿನ ಕಲಿಸಿದಳು. ಪಾಠ ಹೇಳುವುದರಲ್ಲಿ ವಿಶ್ವವಿದ್ಯಾಲಯದ ಯಾರಿಗೂ ಅಷ್ಟು ಸಿಟ್ಟಿರಲಿಲ್ಲ. "ಬಾತುಕೋಳಿ ಹಂಗೆ ಅರಚ್ಬ್ಯಾಡ. ಹಪ್ಕಾ ಇಲ್ಲಿ ದನಿ ಸಣ್ಣ ಮಾಡ್ತಿದ್ಲು. ಇಲ್ಲಿ ನಗ್ತಾ ಹಾಡ್ತಿದ್ಲು. ಮೂರನೇ ಸಾಲ್ನಾಗೆ ನಾನು ಉಸ್ರು ತಕ್ಕಂತೀನಿ, ಆಗ ನೀನು ತಕ್ಕಬಾರ್ದು, ಹಿಡ್ಕಂಡಿರ್ಬೇಕು. ಹಾಡು ಮುರೀಬಾರ್ದು ಕಣೇ. ಕೊರೊವಾಯ್ ಹಾಡು ಮುರಿದ್ರೆ ಸಂಸಾರ ಮುರೀತದೆ."

ಕೊನೆಯ ದಿನ ಟೇಪ್ ತಿರುಗಿತು. ಎರಡು ದನಿ, ನಡುವೆ ಹಿಟ್ಟಿನ ಸದ್ದು. ಮುದುಕಿ ಅತ್ತಳು. ಹುಡುಗಿಯೂ ಅತ್ತಳು. ಬಸ್ಸಿನಲ್ಲಿ ವಾಪಸಾಗುವಾಗ ಮಾತ್ರ ಯರಿನಾಳಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಹಾಸ್ಟೆಲಿಗೆ ಬಂದು ಕಾರ್ಡು ಬರೆಯಲು ಕೂತಾಗ, "ಕೆಳಗಿನ ದನಿ: ಪರಾಸ್ಕಾ" ಎಂದು ಬರೆದಳು. ಆಮೇಲೆ ಮೇಲಿನ ದನಿಯ ಮುಂದೆ ಸತ್ತವಳ ಹೆಸರು ಬರೆದಳು. ಅದು ಪೂರ್ತಿ ಸುಳ್ಳು ಅಂತಲೂ ಆಗ ಅವಳಿಗೆ ಅನ್ನಿಸಿರಲಿಲ್ಲ.

ನಿಕನೋರ್ ಸವಿಚ್ ಕಣ್ಣುಮುಚ್ಚಿ ಹಾಡು ಕೇಳಿದರು. ಹಾಡು ಮುಗಿಯಿತು. ಮುಂದೇನು ಬರುತ್ತದೆಂದು ಗೊತ್ತಿದ್ದ ಯರಿನಾ ಮೇಜಿನ ಅಂಚು ಹಿಡಿದು ನಿಂತಿದ್ದಳು, ಸುರುಳಿ ಕತ್ತರಿಸುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಅಷ್ಟರಲ್ಲಿ ಅವರು ಕೈ ಚಾಚಿ ಗುಂಡಿ ಒತ್ತಿ ಯಂತ್ರ ನಿಲ್ಲಿಸಿಬಿಟ್ಟರು. "ಎಪ್ಪತ್ನಾಲ್ಕು ವರ್ಷದ ಮುದುಕಿಗೆ ಒಳ್ಳೇ ಗಂಟಲು," ಎಂದು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ಇಷ್ಟು ಸಾಕು." ದಾಖಲೆ ಪುಸ್ತಕದಲ್ಲಿ ಐದು ಅಂಕ ಹಾಕಿ ಸಹಿ ಮಾಡಿದರು. ಆ ಐದಕ್ಕೆ ಐದು ಅಂಕದ ಬಲದ ಮೇಲೆಯೇ ಅವಳು ಇದೇ ವಿಭಾಗದಲ್ಲಿ ಉಳಿದು, ಸಂಶೋಧನೆ ಮಾಡಿ, ಕೊನೆಗೆ ಇದೇ ಧ್ವನಿ ಭಂಡಾರದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡದ್ದು.

"ಸಿಕ್ತಾ?" ಹೊರಗಿನಿಂದ ವಸಿಲಿನಾ ಕೂಗಿದಳು.

"ಸಿಕ್ಕಿತು."

ಯರಿನಾ ಸುರುಳಿಯನ್ನು ಯಂತ್ರಕ್ಕೆ ಏರಿಸಿದಳು. ಹೇಳಬೇಕು ಎಂದುಕೊಂಡಳು. ವಸಿಲಿನಾ ಆಗಲೇ ಫೋನನ್ನು ಧ್ವನಿಪೆಟ್ಟಿಗೆಯ ಪಕ್ಕದಲ್ಲಿಟ್ಟು, ಚರ್ಚಿನಲ್ಲಿ ಕೂತಂತೆ ಕೈ ಜೋಡಿಸಿಕೊಂಡಿದ್ದಳು. ಆ ಮುಖ ನೋಡಿ ಯರಿನಾ ಗುಂಡಿ ಒತ್ತಿದಳು. ಹಿಟ್ಟು ನಾದುವ ಸದ್ದು ಶುರುವಾಯಿತು. ಪರಾಸ್ಕಾಳ ದಪ್ಪ ದನಿ ಎದ್ದಿತು, ಅದರ ಮೇಲೆ ಇನ್ನೊಂದು ಸಣ್ಣ ದನಿ.

"ಇದೇ," ವಸಿಲಿನಾ ಎದೆಯ ಮೇಲೆ ಕೈಯಿಟ್ಟುಕೊಂಡಳು. ಕಣ್ಣಿಂದ ನೀರು ಇಳಿಯತೊಡಗಿತು. "ಇದೇ, ಇದೇ. ಅಯ್ಯೋ ನನ್ನಜ್ಜಿ. ಕೇಳಿ, ನಗ್ತಾ ಹಾಡ್ತಿದ್ದಾಳೆ!"

ಯರಿನಾಳ ಬೆರಳು ಗುಂಡಿಯ ಮೇಲಿತ್ತು. ಹಾಡು ಮುಗಿದು ಏಳು ಸೆಕೆಂಡು ಬರೀ ಹಿಟ್ಟಿನ ಸದ್ದು ಬರುತ್ತದೆ. ಅದು ಮುಗಿಯುವುದರೊಳಗೆ ಒತ್ತಿದರೆ ಈ ಹೆಂಗಸು ಅಜ್ಜಿಯನ್ನು ಫೋನಿನಲ್ಲಿಟ್ಟುಕೊಂಡು ಸಂತೋಷವಾಗಿ ಊರಿಗೆ ಹೋಗುತ್ತಾಳೆ. ಶುಕ್ರವಾರ ಏಳು ಜನ ಹೆಂಗಸರು ಆ ದನಿ ಕೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಅಂದು ನಿಕನೋರ್ ಮೇಷ್ಟ್ರು ಒತ್ತಿದ್ದರಲ್ಲ, ತಾನು ಒತ್ತಿದರೆ ಏನು ತಪ್ಪು? ಹಾಡು ಮುಗಿಯಿತು. ಆದರೆ ಮೇಷ್ಟ್ರು ಬಚ್ಚಿಟ್ಟದ್ದು ಒಬ್ಬ ಹುಡುಗಿಯ ಭಯವನ್ನು. ಇಲ್ಲಿ ಅಳುತ್ತಿರುವವಳು ಅಜ್ಜಿಯದೆಂದುಕೊಂಡು ಯರಿನಾಳ ಗಂಟಲನ್ನು ಮನೆಗೊಯ್ಯುತ್ತಾಳೆ. ಯರಿನಾ ಬೆರಳು ತೆಗೆದಳು.

ಯಂತ್ರದಿಂದ ಪರಾಸ್ಕಾ ಸ್ಪಷ್ಟವಾಗಿ ಹೇಳಿದಳು: "ಪರವಾಗಿಲ್ಲ ಕಣ್ ಮಗ. ಆದ್ರೆ ಹಪ್ಕಾ ಇನ್ನೂ ವಸಿ ಜಾಸ್ತಿ ಹಿಡೀತಿದ್ಲು. ಇದ್ದಿದ್ರೆ ನಿಂಗೆ ಅವ್ಳೇ ಯೋಳ್ಕೊಡೋಳು."

ಸುರುಳಿ ತಿರುಗುತ್ತಲೇ ಇತ್ತು. ವಸಿಲಿನಾ ಮೊದಲು ಯಂತ್ರವನ್ನು, ಆಮೇಲೆ ಯರಿನಾಳನ್ನು ನೋಡಿದಳು.

"ಯಾರದು ಆ ದನಿ?"

"ನನ್ನದು." ಯರಿನಾ ಎಲ್ಲವನ್ನೂ ಹೇಳಿದಳು. ಫೆಬ್ರವರಿ, ಜುಲೈ, ಕೆಂಪು ಶಾಯಿ, ಕಾರ್ಡು. ಹೇಳುವುದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ.

"ಮೂವತ್ತೈದು ವರ್ಷ," ಎಂದಳು ವಸಿಲಿನಾ. "ಮೂವತ್ತೈದು ವರ್ಷ ನಮ್ಮಜ್ಜಿ ಹೆಸರಲ್ಲಿ ನೀವು ಹಾಡ್ಕೊಂಡು ಕೂತಿದ್ದೀರಿ! ನಾನಿಲ್ಲಿ ಮೂರ್ಖಳ ಹಾಗೆ ಅಜ್ಜಿ, ಅಜ್ಜಿ ಅಂತ ಅಳ್ತಿದ್ದೀನಿ. ಓದಿದೋರು ನೀವು. ನಾಚಿಕೆ ಆಗಲ್ವಾ?"

"ಆಗತ್ತೆ," ಎಂದಳು ಯರಿನಾ. ನಿಜವಾಗಿಯೂ ಆಗುತ್ತಿತ್ತು, ಕಿವಿಯೆಲ್ಲ ಬಿಸಿಯಾಗಿತ್ತು.

ವಸಿಲಿನಾ ಫೋನನ್ನು ಚೀಲಕ್ಕೆ ತುರುಕಿದಳು. ಚೆರ್ರಿ ಡಬ್ಬಿಯನ್ನೂ ತೆಗೆದುಕೊಂಡಳು. ಬಾಗಿಲವರೆಗೆ ಹೋದಳು. ಕಾರಿಡಾರಿನಲ್ಲಿ ಯಾವುದೋ ತರಗತಿ ಬಿಟ್ಟು ಹುಡುಗಿಯರು ನಗುತ್ತಾ ಹೋಗುತ್ತಿದ್ದರು. ಅವರು ದಾಟಿ ಹೋಗುವವರೆಗೂ ಅವಳು ಬೆನ್ನು ಹಾಕಿಯೇ ನಿಂತಿದ್ದಳು.

"ಇನ್ನೂ ಜಾಸ್ತಿ ಹಿಡೀತಿದ್ಲು ಅಂದ್ರಲ್ಲ," ಎಂದಳು ತಿರುಗದೆ. "ಎಷ್ಟು?"

"ನಾಲ್ಕನೇ ಸಾಲಿನ ಅರ್ಧದವರೆಗೂ. ನನಗೆ ಆಗ ಅಷ್ಟು ಬರಲಿಲ್ಲ."

"ಈಗ ಬರತ್ತಾ?"

ವೆರ್ಬಿವ್ಕಾಕ್ಕೆ ಹೋಗಿಬಂದ ಮೇಲೆ ಎಷ್ಟೋ ಚಳಿಗಾಲ ಯರಿನಾ, ಅಡುಗೆಮನೆಯಲ್ಲಿ ಒಬ್ಬಳೇ, ಆ ಅರ್ಧ ಸಾಲನ್ನು ಅಭ್ಯಾಸ ಮಾಡಿದ್ದಳು. ಯಾರಿಗಾಗಿ ಎಂದು ಕೇಳಿದ್ದರೆ ಅವಳಿಗೇ ಗೊತ್ತಿರಲಿಲ್ಲ.

ವಸಿಲಿನಾ ತಿರುಗಿ ಬಂದು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಪರಾಸ್ಕಾ ಅಜ್ಜಿದು ಇನ್ನೊಂದ್ಸಲ ಹಾಕಿ. ಕೆಳಗಿನದನ್ನ ನಾನು ಕಲೀತೀನಿ. ಶುಕ್ರವಾರ ಹತ್ತು ಗಂಟೆಗೆ ಬನ್ನಿ. ಸಿಟ್ಟು ಇಳಿದಿದೆ ಅಂದ್ಕೋಬೇಡಿ."

"ನಾನು ಮದುವೆಯಾದವಳಲ್ಲ. ಕೊರೊವಾಯ್ ಹಿಟ್ಟು ಮುಟ್ಟೋ ಹಾಗಿಲ್ಲ."

"ಹುಡುಗಿಯ ತಾಯಿ ನಾನೂ ಮುಟ್ಟೋ ಹಾಗಿಲ್ಲ. ಇಬ್ಬರೂ ಗೋಡೆ ಪಕ್ಕ ನಿಂತ್ಕೊಳ್ಳೋಣ."

ಶುಕ್ರವಾರ ಬಾಗಿಲು ಕಿಟಕಿ ತೆರೆದಿಟ್ಟ ಅಡುಗೆಮನೆಯಲ್ಲಿ ಏಳು ಜನ ಹೆಂಗಸರು ತಲೆವಸ್ತ್ರ ಬಿಗಿದು ನಾದುತ್ತಿದ್ದರು. ಬೀಗಿತ್ತಿಯೂ ಅಲ್ಲೇ ನಿಂತಿದ್ದಳು, ಬೇಕರಿಯ ಮಾತು ಮರೆತವಳಂತೆ ಎಲ್ಲರಿಗಿಂತ ಜೋರಾಗಿ ಅಪ್ಪಣೆ ಕೊಡುತ್ತಿದ್ದಳು. ಅವರು ಹಿಟ್ಟು ಎತ್ತಿ ಬಡಿಯತೊಡಗಿದಾಗ ಗೋಡೆಯ ಪಕ್ಕದಿಂದ ವಸಿಲಿನಾ ಶುರುಮಾಡಿದಳು. ಮೊದಲ ಸಾಲು ಸ್ವಲ್ಪ ಅಲುಗಾಡಿತು, ಆಮೇಲೆ ಸರಿಹೋಯಿತು. ಯರಿನಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅದರ ಮೇಲೆ ತನ್ನ ದನಿ ಇಟ್ಟಳು.

ಮೂರನೇ ಸಾಲು ಬಂತು. ವಸಿಲಿನಾ ಉಸಿರು ತೆಗೆದುಕೊಳ್ಳಲು ನಿಲ್ಲಿಸಿ, ತಲೆ ತಿರುಗಿಸಿ ಯರಿನಾಳ ಬಾಯಿಯನ್ನೇ ನೋಡಿದಳು. ನಾದುತ್ತಿದ್ದ ಕೈಗಳು ನಿಧಾನವಾದವು. ಸಾಲು ಮುಗಿಯಿತು, ನಾಲ್ಕನೆಯದು ಶುರುವಾಯಿತು, ಅರ್ಧಕ್ಕೆ ಬಂತು. ಯರಿನಾ ಇನ್ನೂ ಹಿಡಿದುಕೊಂಡೇ ಇದ್ದಳು.